ಮೂರು ವಾರದ ವಿಶ್ರಾಂತಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಅರ್ಧ ಓದುವಷ್ಟರಲ್ಲಿ ನೀವೇ ಹೇಳುತ್ತೀರಿ. ಮೈಸೂರಿನಲ್ಲಿ ಓದುವಾಗ ತರಗತಿಯಲ್ಲಿ ಸದಾ ಎರಡನೆಯವಳಾಗಿದ್ದೆ. ಮೊದಲನೆಯವಳ ಕೈಬರಹ, ಜಡೆ, ಅವಳಮ್ಮ ಡಬ್ಬಿಗೆ ಹಾಕಿ ಕಳಿಸುತ್ತಿದ್ದ ಚಿತ್ರಾನ್ನ, ಎಲ್ಲದರ ಮೇಲೂ ನನ್ನ ಕಣ್ಣು. ವಯಸ್ಸಾದರೆ ಇದೆಲ್ಲ ತಾನಾಗಿ ಇಳಿಯುತ್ತದೆ ಅಂದುಕೊಂಡಿದ್ದೆ. ಮಲೇಷ್ಯಾಕ್ಕೆ ಬಂದು, ಪುಚೊಂಗಿನ ಮನೆಗೂ ಪೆಟಾಲಿಂಗ್ ಜಯಾದ ಆಫೀಸಿಗೂ ಓಡಾಡುತ್ತಾ ನಲವತ್ತು ದಾಟಿದ ಮೇಲೆ ಓಟ ಹಚ್ಚಿಕೊಂಡೆ. ನಮ್ಮ ಕಾಂಡೊದ, ಅಂದರೆ ಅಪಾರ್ಟ್‌ಮೆಂಟಿನ, ಕನ್ನಡದ ಹೆಂಗಸರಲ್ಲಿ ಓಡುತ್ತಿದ್ದವಳು ನಾನೊಬ್ಬಳೇ, ಆದ್ದರಿಂದ ಮೊದಲನೆಯವಳೂ ನಾನೇ. ನಾಲ್ಕು ವರ್ಷ ಹಾಗೆ ನೆಮ್ಮದಿಯಾಗಿ ಕಳೆಯಿತು.

ಆಮೇಲೆ ಹನ್ನೊಂದನೇ ಮಹಡಿಗೆ ಹುಬ್ಬಳ್ಳಿಯವಳು ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಸಾಫ್ಟ್‌ವೇರಿನವನು, ಇವಳು ಸದ್ಯಕ್ಕೆ ಮನೆಯಲ್ಲೇ. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಬೆವರು ಸುರಿಸುತ್ತಾ ನಿಂತಿದ್ದ ನನ್ನನ್ನು ನೋಡಿ, "ಅಕ್ಕಾರ, ದಿನಾ ಓಡ್ತೀರೇನ್ರಿ? ನನಗೂ ಕಲಿಸ್ರಿ," ಎಂದಳು.

ಕಲಿಸಿದೆ. ಕಲಿಸುವುದೆಂದರೆ ನನಗೆ ಇಷ್ಟ, ಕಲಿಯುವವರು ನನಗಿಂತ ಕೆಳಗಿರುವವರೆಗೆ. ಮೊದಲ ದಿನ ಕೆರೆ ಪಾರ್ಕಿನಲ್ಲಿ ಇನ್ನೂರು ಮೀಟರ್ ಓಡಿ ಬೆಂಚಿನ ಮೇಲೆ ಕುಸಿದಳು. ನನಗೆ ಅವಳ ಮೇಲೆ ಎಂಥ ಪ್ರೀತಿ ಉಕ್ಕಿತು! ಅಂಗಡಿಗೆ ಕರೆದುಕೊಂಡು ಹೋಗಿ, ಓಡುವಾಗ ಪಾದ ಊದುತ್ತದೆ, ಅರ್ಧ ಸೈಜು ದೊಡ್ಡ ಶೂ ತಗೋ ಎಂದು ಹೇಳಿಕೊಟ್ಟೆ. ಈ ಸೆಖೆಯಲ್ಲಿ ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು ಎಂದೆ. ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ಭಾನುವಾರದ ಓಟ ಮುಗಿಸಿ ಇಬ್ಬರೂ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಪರೋಟದಂಥ ರೋಟಿ ಚನಾಯ್ ತಿನ್ನುವಾಗ ಪಕ್ಕದ ಟೇಬಲಿನವರಿಗೂ "ಇವರು ನಮ್ಮ ಕೋಚ್ ರೀ" ಎನ್ನುತ್ತಿದ್ದಳು.

ಎಂಟು ತಿಂಗಳಿಗೆ ಗುರುವಿಗೇ ತಿರುಮಂತ್ರ. ಅದೇ ಪಾರ್ಕಿನ ಏರಿನಲ್ಲಿ ನನ್ನನ್ನು ದಾಟಿ ಹೋದಳು. ದಾಟಿದ್ದು ತೊಂದರೆಯಿಲ್ಲ, ದಾಟುವಾಗ ಮಾತಾಡುತ್ತಿದ್ದಳು! ಬದನೆಕಾಯಿ ಎಣ್ಣೆಗಾಯಿಗೆ ಬ್ರಿಕ್‌ಫೀಲ್ಡ್ಸ್‌ನ ಇಂಡಿಯನ್ ಅಂಗಡಿಗಳಲ್ಲಿ ಒಳ್ಳೆಯ ಗುರೆಳ್ಳು ಸಿಗುತ್ತದೆಯೋ ಇಲ್ಲವೋ ಎಂದು ಕೇಳುತ್ತಿದ್ದಳು. ನನಗೆ ಉಸಿರಿಗೇ ಗತಿಯಿಲ್ಲ, ಗುರೆಳ್ಳಿನ ಮಾತು ಎಲ್ಲಿಂದ ಬರಬೇಕು? ಏರಿನ ತುದಿಯಲ್ಲಿ ನನಗಾಗಿ ಕಾದು ನಿಂತು, "ಅಕ್ಕಾರ, ಪೇಸ್ ಅಂದ್ರ ಏನ್ರಿ?" ಎಂದಳು. ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂಬ ಲೆಕ್ಕ ಎಂದು ವಿವರಿಸಿದೆ. ನನ್ನದಕ್ಕಿಂತ ಅವಳದು ಅರ್ಧ ನಿಮಿಷ ಕಡಿಮೆ ಇತ್ತು.

ಅಂದಿನಿಂದ ನನ್ನ ಮನಸ್ಸು ಕೆಟ್ಟಿತು. ನನ್ನ ಕೈಗಡಿಯಾರ ಹೃದಯ ಬಡಿತ, ನಿದ್ದೆ, ದಣಿವು ಎಲ್ಲ ಹೇಳುತ್ತದೆ. ಅವಳ ಗಡಿಯಾರ ಬರೀ ಗಂಟೆ ಹೇಳುತ್ತದೆ. ನಾನು ದಾರಿಯಲ್ಲಿ ತಿನ್ನಲು ಪೊಟ್ಟಣದ ಜೆಲ್ ಇಟ್ಟುಕೊಳ್ಳುತ್ತೇನೆ, ಅವಳು ಸೊಂಟದ ಚೀಲದಿಂದ ಶೇಂಗಾ ಉಂಡಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಕೊನೆಗೆ ಅಡಿಯಲ್ಲಿ ಕಾರ್ಬನ್ ಪಟ್ಟಿಯಿರುವ, ಪುಟಿಯುವ ದುಬಾರಿ ಶೂ ಕೊಂಡೆ. ಇದು ರೇಸಿನ ದಿನಕ್ಕೆ ಮಾತ್ರ, ದಿನಾ ಹಾಕಿದರೆ ಮೀನಖಂಡಕ್ಕೆ ಪೆಟ್ಟು ಎಂದು ಅಂಗಡಿಯವನು ಹೇಳಿದ. ಅವನ ಮಾತು ಯಾರಿಗೆ ಬೇಕಿತ್ತು? ಹೊಸ ಶೂ ನೋಡಿ ನನ್ನ ಮಗಳು, "ಅಮ್ಮಾ, ಯೂ ಆರ್ ಸೋ ಜೆಲಸ್ ಲಾ," ಎಂದು ಈ ಊರಿನ ಇಂಗ್ಲಿಷಿನಲ್ಲಿ ಅಂದಳು. ನಾನು ಕನ್ನಡದಲ್ಲಿ ಬೈದೆ. ಅದು ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು.

ವರ್ಷದ ಕೊನೆಗೆ ಒಂದು ಹಾಫ್ ಮ್ಯಾರಥಾನ್ ಇತ್ತು, ಇಪ್ಪತ್ತೊಂದು ಕಿಲೋಮೀಟರ್. ಇಬ್ಬರೂ ಹೆಸರು ಕೊಟ್ಟಿದ್ದೆವು. ನನಗೆ ಬೇಕಾಗಿದ್ದದ್ದು ಒಂದೇ. ಪದಕ ಬೇಡ, ಸಮಯ ಬೇಡ, ಅವಳಿಗಿಂತ ಮುಂದೆ ಬರಬೇಕು. ಒಂದೇ ಒಂದು ಸಲ ಅವಳು ನನ್ನ ಬೆನ್ನು ನೋಡಬೇಕು.

ರೇಸಿಗೆ ಮೂರು ವಾರ ಇದೆ ಅನ್ನುವಾಗ ದೇವರೇ ಕಣ್ಣು ಬಿಟ್ಟ ಹಾಗಾಯಿತು. ಅವಳು ಕುಂಟುತ್ತಾ ನಮ್ಮ ಮನೆಗೆ ಬಂದಳು.

"ಅಕ್ಕಾರ, ಮುಂಜಾನೆ ಹಾಸಿಗಿ ಬಿಟ್ಟು ಇಳಿದ್ರ ಹಿಮ್ಮಡಕ್ಕ ಮೊಳಿ ಬಡದಂಗ ಆಗ್ತದ್ರಿ. ಏನ್ ಮಾಡ್ಲಿ?"

ಓಡುವವರಿಗೆ ಈ ನೋವು ಹೊಸದಲ್ಲ, ನನಗೇ ಎರಡು ಸಲ ಬಂದಿತ್ತು. ಪಾದವನ್ನು ಮುಟ್ಟಿ ನೋಡಿದೆ. ಅಷ್ಟೇನೂ ಬಿಗಿದಿರಲಿಲ್ಲ. ಒಂದು ವಾರ ಬಿಟ್ಟು ಮೆಲ್ಲಗೆ ಶುರುಮಾಡಿದರೆ ಸಾಕು ಎಂದು ನನಗನ್ನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ.

"ಮೂರು ವಾರ ಓಡಲೇಬಾರದು ಕಣೆ. ಒಂದು ಹೆಜ್ಜೇನೂ ಓಡಬೇಡ. ಬೇಕಿದ್ರೆ ಕೆಳಗಡೆ ಪೂಲ್‌ನಲ್ಲಿ ನಡಿ, ಅಷ್ಟೆ. ರೇಸ್ ದಿನ ಸೀದಾ ಬಂದು ನಿಂತ್ಕೊ."

"ಮೂರು ವಾರ ಬಿಟ್ರ ಕಾಲು ಜಡ ಆಗಂಗಿಲ್ಲೇನ್ರಿ?"

"ಆಗಲ್ಲ ಕಣೆ. ನಾನೂ ಬಿಡ್ತಿದ್ದೀನಲ್ಲ, ನಾನೂ ರೆಸ್ಟೇ."

ಜಡವಾಗಲಿ ಎಂದೇ ಹೇಳಿದ್ದೆ. ಇದರಲ್ಲಿ ನಾಚಿಕೆ ಏನೂ ಕಾಣಲಿಲ್ಲ ನನಗೆ ಆಗ. ಪರೀಕ್ಷೆಯ ಹಾಲಿನ ಮುಂದೆ ನಿಂತು "ಏನೂ ಓದಿಲ್ಲ ಕಣೇ" ಎನ್ನುವುದು ನಮ್ಮಲ್ಲಿ ಒಂದು ಶಾಸ್ತ್ರ. ರಾತ್ರಿಯೆಲ್ಲ ಓದಿ ಕಣ್ಣು ಕೆಂಪಾಗಿದ್ದರೂ ಹಾಗೇ ಹೇಳಬೇಕು. ಅದನ್ನೇ ಇಲ್ಲಿ ಓಟಕ್ಕೆ ಬಳಸಿಕೊಂಡೆ, ಅಷ್ಟೆ ಎಂದು ಸಮಾಧಾನ ಮಾಡಿಕೊಂಡೆ.

ಓಡುವುದನ್ನು ಬಿಟ್ಟಿದ್ದೇನೆ ಎಂದ ಮೇಲೆ ಪಾರ್ಕಿಗೆ ಹೋಗುವಂತಿಲ್ಲ. ಅವಳ ಬಾಲ್ಕನಿಯಿಂದ ಕೆರೆ ನೇರ ಕಾಣುತ್ತದೆ. ಹಾಗಾಗಿ ಕಾಂಡೊದ ಕಾರ್ ಪಾರ್ಕ್ ಹಿಡಿದೆ. ಐದು ಮಹಡಿ, ಸುತ್ತಿ ಸುತ್ತಿ ಏರುವ ಇಳಿಜಾರು, ಕಿಟಕಿಯಿಲ್ಲ, ಟೈರಿನ ವಾಸನೆ, ಕುದಿಯುವ ಸೆಖೆ. ಉಪಗ್ರಹದ ಸಿಗ್ನಲ್ ಅಲ್ಲಿ ಸಿಗುವುದಿಲ್ಲ, ಆದ್ದರಿಂದ ಒಬ್ಬರ ಓಟ ಇನ್ನೊಬ್ಬರಿಗೆ ಕಾಣುವ ಫೋನಿನ ಆ್ಯಪ್‌ನಲ್ಲಿ ನನ್ನ ಓಟ ದಾಖಲಾಗುವುದೂ ಇಲ್ಲ. ಕಳ್ಳತನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಸಂಜೆ ಆಫೀಸಿನಿಂದ ಬಂದವಳೇ ಪುಟಿಯುವ ಶೂ ಕಟ್ಟಿಕೊಂಡು ಮೇಲಕ್ಕೂ ಕೆಳಕ್ಕೂ ಓಡುತ್ತಿದ್ದೆ. ಮೊದಲ ದಿನ ನೇಪಾಳದ ಹಿರಿಯ ಗಾರ್ಡ್ ಗಾಬರಿಯಿಂದ ಬಂದು, "ಮೇಡಂ, ಲಿಫ್ಟ್ ರೊಸಾಕ್?" ಎಂದ. ಲಿಫ್ಟೇನೂ ಕೆಟ್ಟಿಲ್ಲ ಮಾರಾಯ, ನಾನೇ ಕೆಟ್ಟಿದ್ದೇನೆ ಎಂದು ಕನ್ನಡದಲ್ಲಿ ಗೊಣಗಿ ಮುಂದೆ ಹೋದೆ.

ಅತ್ತ ಅವಳು ನಾನು ಹೇಳಿದ್ದನ್ನು ವೇದವಾಕ್ಯ ಮಾಡಿಕೊಂಡಿದ್ದಳು. ದಿನಾ ಪೂಲಿನಲ್ಲಿ ಎದೆಮಟ್ಟ ನೀರಲ್ಲಿ ನಡೆಯುತ್ತಿರುವ ಫೋಟೊ ಕಳಿಸುತ್ತಿದ್ದಳು. ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು, ಚೆನ್ನಾಗಿ ತಿನ್ನುತ್ತಿದ್ದಳು, ಮುಖಕ್ಕೆ ಒಂದು ಕಳೆ ಬಂದಿತ್ತು. ನನ್ನ ಗಡಿಯಾರವೋ, ನಿನಗೆ ದಣಿವಾಗಿದೆ, ಸುಧಾರಿಸಿಕೋ ಎಂದು ದಿನಾ ಬೆಳಿಗ್ಗೆ ಹೇಳುತ್ತಿತ್ತು. ಬಲಗಾಲಿನ ಮೀನಖಂಡ ಮೆಟ್ಟಿಲಿಳಿಯುವಾಗ ಹಿಡಿಯತೊಡಗಿತ್ತು. ಆ ಫೋಟೊ ನೋಡಿದಾಗಲೆಲ್ಲ ಇನ್ನೆರಡು ಮಹಡಿ ಹೆಚ್ಚು ಓಡಿದೆ.

ರೇಸು ಬೆಳಗಿನ ಜಾವ ಐದಕ್ಕೆ ಶುರು. ಬಿಸಿಲೇರುವ ಮೊದಲು ಮುಗಿಯಬೇಕು, ಈ ಊರಿನಲ್ಲಿ ಎಲ್ಲ ಓಟವೂ ಹಾಗೇ. ಸಾಲಿನಲ್ಲಿ ಪಕ್ಕ ನಿಂತು ಅವಳು ನನ್ನ ಕೈ ಹಿಡಿದಳು. ಬಿಡಿಸಿಕೊಂಡು ಮುಂದೆ ನುಗ್ಗಿದೆ. ಹನ್ನೆರಡು ಕಿಲೋಮೀಟರಿನವರೆಗೆ ಅವಳು ನನ್ನ ಹಿಂದಿದ್ದಳು. ಆ ಹನ್ನೆರಡು ಕಿಲೋಮೀಟರ್ ನಾನು ಪಟ್ಟ ಸಂತೋಷದ ಬಗ್ಗೆ ಸುಳ್ಳು ಹೇಳಲಾರೆ. ಹದಿಮೂರನೆಯದರಲ್ಲಿ ಮೀನಖಂಡಕ್ಕೆ ಯಾರೋ ಹಿಂದಿನಿಂದ ಕಲ್ಲು ಬೀಸಿದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಕಾಲು ನೆಲಕ್ಕೆ ಊರಲಾಗಲಿಲ್ಲ, ರಸ್ತೆಯ ಬದಿಯ ಕಲ್ಲುಕಟ್ಟೆ ಹಿಡಿದು ಕೂತೆ.

ಎರಡು ನಿಮಿಷಕ್ಕೆ ಅವಳು ಬಂದಳು. ಹಗುರಾಗಿ, ಬಾಯಿ ಮುಚ್ಚಿ ಉಸಿರಾಡುತ್ತಾ. ನನ್ನನ್ನು ನೋಡಿ ಗಕ್ಕನೆ ನಿಂತಳು.

"ಅಯ್ಯ, ಏನಾತ್ರಿ ಅಕ್ಕಾರ? ನಾನೂ ಇಲ್ಲೇ ಕುಂಡ್ರತೀನ್ರಿ."

"ಹೋಗೇ!" ಎಂದು ಕಿರುಚಿದೆ. "ನಿಂತ್ಕೋಬೇಡ, ಹೋಗು ಸಾಕು!"

ಅವಳು ನನ್ನನ್ನು ಹಾಗೆ ನೋಡುತ್ತಿರುವುದನ್ನು ತಡೆಯಲಾಗದೆ ಕಿರುಚಿದ್ದು. ಅವಳು ಕಣ್ಣೊರೆಸಿಕೊಂಡು ಹೋದಳು. ಅಂದು ನಾನು ನೋಡಿದ್ದು ಅವಳ ಬೆನ್ನು.

ಬಿದ್ದವರನ್ನು ಹೆಕ್ಕುವ ವ್ಯಾನಿನಲ್ಲಿ ನನ್ನನ್ನು ಮೈದಾನಕ್ಕೆ ತಂದು ಬಿಟ್ಟರು. ಅವಳು ಆಗಲೇ ಮುಗಿಸಿ, ಕೊರಳಲ್ಲಿ ಪದಕ ಹಾಕಿಕೊಂಡು ನನ್ನನ್ನೇ ಹುಡುಕುತ್ತಿದ್ದಳು. ಎಲ್ಲಿಂದಲೋ ಮಂಜುಗಡ್ಡೆ ತಂದು, ಹುಲ್ಲಿನ ಮೇಲೆ ಮಂಡಿಯೂರಿ, ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು. ಪಕ್ಕದಲ್ಲಿದ್ದ ನಾಲ್ಕು ಜನರಿಗೆ, "ಇವರ ಮಾತು ಕೇಳಿ ಮೂರು ವಾರ ರೆಸ್ಟ್ ಮಾಡಿದೆ, ಅದಕ್ಕ ಇಷ್ಟು ಛಲೋ ಆತು," ಎಂದಳು. ನನಗೆ ಎದ್ದು ಓಡಿಹೋಗುವ ಹಾಗಾಯಿತು, ಓಡಲು ಕಾಲಿರಲಿಲ್ಲ.

ಆಮೇಲೆ ದನಿ ತಗ್ಗಿಸಿ ಹೇಳಿದಳು. "ನೀವು ಕಾರ್ ಪಾರ್ಕಿನ್ಯಾಗ ಓಡೂದು ನನಗ ಗೊತ್ತಿತ್ರಿ."

ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ.

"ನಾಕನೇ ಮಹಡ್ಯಾಗ ನಮ್ಮ ಕಾರು ನಿಲ್ಲಸ್ತೀವಲ್ರಿ. ಒಂದಿನ ಅದರಾಗ ಕುಂತು ನೋಡಿದೆ. ನೀವು ಪಾರ್ಕಿನ್ಯಾಗ ಓಡಿದ್ರ ನನಗ ಮನಿಯಾಗ ಕುಂಡ್ರಾಕ ಆಗ್ತಿರಲಿಲ್ಲ, ನಾನೂ ಓಡಾಕ ಇಳೀತಿದ್ದೆ. ನನ್ನ ಹಿಮ್ಮಡ ಉಳಸಾಕ ಆ ಸೆಖಿಯಾಗ ನೀವೊಬ್ಬರ ಮುಚ್ಚಿಟ್ಟು ಓಡಿದ್ರಿ. ನನ್ನ ಸಲುವಾಗಿ ನಿಮ್ಮ ಕಾಲು ಹೋತು. ಹೌದಲ್ರಿ?"

ಇಷ್ಟು ದಿನ ಅವಳ ಕಾಲಿನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗ ಅವಳ ಮನಸ್ಸಿನ ಮೇಲೆ ಶುರುವಾಯಿತು. ಕಣ್ಣಾರೆ ನೋಡಿಯೂ ಅವಳಿಗೆ ಕೆಟ್ಟದ್ದು ಹೊಳೆದಿರಲಿಲ್ಲ. ಅದೇ ಜಾಗದಲ್ಲಿ ನಾನಿದ್ದಿದ್ದರೆ ಅರೆಕ್ಷಣದಲ್ಲಿ ಎಲ್ಲ ಹೊಳೆಯುತ್ತಿತ್ತು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವಳು ತಲೆಯೆತ್ತಿ ಕಾಯುತ್ತಿದ್ದಳು.

"ಹೌದು ಕಣೆ," ಎಂದೆ. "ನೋಡಿದ್ರೆ ನೀನೂ ಓಡ್ತೀಯ ಅಂತಾನೇ."

ಅವಳು ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕರಗಿದ ಮಂಜುಗಡ್ಡೆಯ ಚೀಲ ಹಿಡಿದು, ಬೇರೆ ತರುತ್ತೇನೆಂದು ಎದ್ದು ಮೈದಾನದ ಆಚೆ ಬದಿಗೆ ಓಡಿದಳು. ಇಪ್ಪತ್ತೊಂದು ಕಿಲೋಮೀಟರ್ ಆದ ಮೇಲೂ ಆ ಹಿಮ್ಮಡಿ ಒಂದಿಷ್ಟೂ ಎಳೆಯುತ್ತಿರಲಿಲ್ಲ. ಅದನ್ನು ನೋಡುತ್ತಾ ಕೂತಿದ್ದ ನನಗೆ, ಆಗಲೂ, ಹೊಟ್ಟೆ ಉರಿಯಿತು.