ವಿಯೆನ್ನಾದಲ್ಲಿ ಉಳಿದ ಅತ್ತಿಗೆ

ಆ ವರ್ಷ ಆಗಸ್ಟ್ ಕೊನೆಯಲ್ಲಿ ಎಂಟು ದಿನ ವಿಯೆನ್ನಾಕ್ಕೆ ಹೋಗಿ ಬರೋಣ ಎಂದು ಅಣ್ಣ ಹೇಳಿದಾಗ, ಬೇಡ ಎಂದವರು ಅತ್ತಿಗೆ ಒಬ್ಬರೇ. ನಾನು ಅಮೆರಿಕದಲ್ಲಿ ಓದು ಮುಗಿಸಿ ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಒಂದು ಆಫೀಸಿಗೆ ಸೇರಿದ್ದೆ. ಅಲ್ಲಿಗೆ ಹತ್ತಿರದ ರೆಡ್ಮಂಡ್‌ನಲ್ಲಿ ಅಣ್ಣನ ಮನೆಯಲ್ಲೇ ಇದ್ದೆ. ಅಣ್ಣನ ಮತ್ತು ನನ್ನ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಸ್ಟ್ಯಾಂಪು ಚಾಲ್ತಿಯಲ್ಲಿತ್ತು. ಅವರ ಮಗಳು ಅಮೆರಿಕದಲ್ಲೇ ಹುಟ್ಟಿದವಳು, ಅವಳಿಗೆ ವೀಸಾ ಬೇಕಿರಲಿಲ್ಲ. ಅತ್ತಿಗೆಯದು ಮುಗಿದಿತ್ತು. ದೇಶದೊಳಗೆ ಇರುವಷ್ಟು ದಿನ ಅದರಿಂದ ತೊಂದರೆಯಿಲ್ಲ. ಹೊರಗೆ ಹೋದರೆ ಮಾತ್ರ ಹೊಸ ಸ್ಟ್ಯಾಂಪು ಹಾಕಿಸಿಕೊಳ್ಳದೆ ವಾಪಸು ಬರುವಂತಿಲ್ಲ. ನಮ್ಮಂಥವರು ಕೆಲವರು ಇದನ್ನೇ ಪ್ರವಾಸಕ್ಕೆ ನೆಪ ಮಾಡಿಕೊಳ್ಳುತ್ತಿದ್ದರು. ಬೆಂಗಳೂರಿಗೆ ಹೋದರೆ ರಜೆಯೆಲ್ಲ ನೆಂಟರ ಮನೆಗಳಲ್ಲಿ ಮುಗಿಯುತ್ತದೆ. ಅದರ ಬದಲು ಯೂರೋಪಿನ ಒಂದು ಊರಿನಲ್ಲಿ ಒಂದು ಬೆಳಿಗ್ಗೆ ಅಮೆರಿಕದ ದೂತಾವಾಸಕ್ಕೆ ಹೋಗಿ ಸ್ಟ್ಯಾಂಪಿನ ಕೆಲಸ ಮುಗಿಸಿ, ಉಳಿದ ದಿನ ಊರು ನೋಡುವುದು.

“ನೀವು ಮೂರೂ ಮಂದಿ ಹೋಗಿ ಬರ್ರಿ. ನಾ ಮನ್ಯಾಗ ಇರ್ತೇನಿ,” ಎಂದರು ಅತ್ತಿಗೆ. ಅವರು ಧಾರವಾಡದವರು; ಮದುವೆಯಾಗಿ ಏಳು ವರ್ಷವಾದರೂ ಮಾತು ಬದಲಾಗಿರಲಿಲ್ಲ. “ಸೆಪ್ಟೆಂಬರ್‌ನಾಗ ಮಗಳ ಕಿಂಡರ್‌ಗಾರ್ಟನ್ ಶುರು ಆಗ್ತದ. ಮೊದಲನೇ ದಿನ ನಾನ ಕರಕೊಂಡು ಹೋಗಬೇಕು. ಅಲ್ಲೆ ಎಲ್ಲ್ಯರ ಸಿಕ್ಕೊಂಡ್ರ ಏನ್ಮಾಡೂದು?”

“ಎಲ್ಲರೂ ಮಾಡ್ಸ್ಕೊಂಡು ಬರ್ತಾರೆ ಕಣೇ. ನಿನ್ನೊಬ್ಬಳನ್ನೇ ಹಿಡ್ಕೊಳ್ಳೋಕೆ ನೀನೇನು ಸ್ಮಗ್ಲರ್ರಾ?” ಎಂದ ಅಣ್ಣ. ನಾನೂ ಅವನ ಪರವಾಗಿ ಮಾತಾಡಿದೆ. ನನಗೆ ವಿಯೆನ್ನಾ ನೋಡಬೇಕಿತ್ತು.

ಅತ್ತಿಗೆಯ ಅಮೆರಿಕ ವೀಸಾದ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆ, ಅಣ್ಣ ಮಗಳನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಾಗ, ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಪ್ರಶ್ನೆ ಓದುತ್ತಿದ್ದೆ. ಅತ್ತಿಗೆ ಹುರುಳಿಕಾಯಿ ನಾರು ತೆಗೆಯುತ್ತ ಉತ್ತರ ಹೇಳುತ್ತಿದ್ದರು. ಹಿಂದೆ ಎಂದಾದರೂ ವೀಸಾ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಗೆ ಅವರ ಕೈ ನಿಂತಿತು.

“ಎರಡು ಸರ್ತೆ,” ಎಂದರು.

ಮದುವೆಗೆ ಮೊದಲು ಅವರಿಗೆ ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತಂತೆ. ಎರಡು ಸಲ ವೀಸಾ ಕೇಳಿದರು, ಎರಡು ಸಲವೂ ಕೊಡಲಿಲ್ಲ. ಮರುವರ್ಷ ನಮ್ಮ ಅಣ್ಣನ ಸಂಬಂಧ ಬಂದಾಗ, ಅಮೆರಿಕದ ಹುಡುಗನ ಮನೆಯವರಿಗೆ ಇದು ಗೊತ್ತಾಗಬಾರದು ಎಂದು ಅವರ ತಂದೆ ಹೇಳಿದ್ದರು. ಮದುವೆಯ ನಂತರದ ಅರ್ಜಿಯಲ್ಲಿ ನಿಜವನ್ನೇ ಬರೆದಿದ್ದರು, ವೀಸಾ ಬಂದಿತ್ತು. ಗೊತ್ತಿಲ್ಲದೆ ಉಳಿದವರು ನಾವು ಮಾತ್ರ.

“ನಿಮ್ಮಣ್ಣಗ ಹೇಳಬ್ಯಾಡ. ಇಷ್ಟು ವರ್ಷ ಆದ ಮ್ಯಾಲೆ ಅದಕ್ಕೇನೂ ಅರ್ಥ ಇಲ್ಲ.”

ಹೇಳುವುದಿಲ್ಲ ಎಂದೆ. ‘ಹೌದು’ ಎಂಬಲ್ಲಿ ಗುರುತು ಹಾಕಿದೆ. ನಾಲ್ಕು ದಿನದ ಮೇಲೆ, ಅಣ್ಣನ ಜೊತೆ ಕಾರಿನಲ್ಲಿ ಹೋಗುವಾಗ, ಅವನನ್ನು ನಗಿಸಲು ಹೇಳಿಬಿಟ್ಟೆ. ಅವನು ಆಗ ನಗಲಿಲ್ಲ. ನಗುವುದನ್ನು ವಿಯೆನ್ನಾಕ್ಕೆ ಇಟ್ಟುಕೊಂಡಿದ್ದ.

ಮೊದಲ ದಿನ ದೊಡ್ಡ ಕೆಥೆಡ್ರಲ್ಲಿನ ಗೋಪುರ ಹತ್ತಲು ಟಿಕೆಟ್ ಕೊಳ್ಳುವ ಸಾಲಿನಲ್ಲಿ ನಿಂತಿದ್ದೆವು. ಅತ್ತಿಗೆ ಎಲ್ಲರಿಗಿಂತ ಮುಂದೆ ಇದ್ದರು. ಅಣ್ಣ ಅವರ ಭುಜ ಹಿಡಿದು ಹಿಂದಕ್ಕೆ ಸರಿಸಿದ.

“ಇವಳನ್ನ ಮುಂದೆ ಬಿಡ್ಬೇಡ್ರಪ್ಪಾ. ಕೌಂಟರ್ ಕಂಡ್ರೆ ರಿಜೆಕ್ಟ್ ಆಗೋ ಅಭ್ಯಾಸ ಇದೆ.”

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಗೋಪುರದ ಕಡೆ ನೋಡಿದೆ.

ಅರಮನೆಯ ತೋಟದಲ್ಲಿ ಒಂದು ಕಬ್ಬಿಣದ ಗೇಟು ಮುಚ್ಚಿತ್ತು. “ನೋಡು, ನೀನು ಬಂದೆ ಅಂತ ಗೊತ್ತಾಯ್ತು ಅವರಿಗೆ,” ಎಂದ. ಕಾಫಿ ಅಂಗಡಿಯಲ್ಲಿ, ಪಕ್ಕದ ಮೇಜಿನಲ್ಲಿದ್ದ ತೆಲುಗು ದಂಪತಿಗಳ ಪರಿಚಯವಾದಾಗ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದ. ಅಮೆರಿಕ ಎರಡು ಸಲ ಬೇಡವೆಂದ ಹೆಣ್ಣಿಗೆ ಅಪ್ರೂವಲ್ ಕೊಟ್ಟವನು ತಾನೊಬ್ಬನೇ ಎಂದ. ಆ ಗಂಡಹೆಂಡತಿ ನಕ್ಕರು. ನಾನೂ ನಕ್ಕೆ. ಹೇಳಿದ ರೀತಿ ತಮಾಷೆಯಾಗಿಯೇ ಇತ್ತು. ಅತ್ತಿಗೆ ಮಗಳ ಬಾಯಿಗೆ ಹತ್ತಿದ್ದ ಚಾಕೊಲೇಟನ್ನು ಒರೆಸುತ್ತಿದ್ದರು. ಒರೆಸಿದ್ದು ಸಾಕಾದ ಮೇಲೂ ಒರೆಸುತ್ತಿದ್ದರು.

ದೂತಾವಾಸದ ಸರದಿ ಮಂಗಳವಾರ. ಅತ್ತಿಗೆ ಒಬ್ಬರೇ ಒಳಗೆ ಹೋದರು. ಒಂದು ಗಂಟೆಯ ನಂತರ ಒಂದು ಚೀಟಿ ಹಿಡಿದುಕೊಂಡು ಬಂದರು. ಪರಿಶೀಲನೆ ಬಾಕಿ ಇದೆ, ಪಾಸ್‌ಪೋರ್ಟು ದೂತಾವಾಸದಲ್ಲೇ ಇರುತ್ತದೆ, ಮುಗಿದಾಗ ಮೇಲ್ ಕಳಿಸುತ್ತಾರೆ. ಹಳೆಯ ನಿರಾಕರಣೆಗೂ ಇದಕ್ಕೂ ಸಂಬಂಧವಿರಲಿಲ್ಲ. ಕೇಳಿದ್ದು ಅಣ್ಣನ ಕಂಪನಿಯ ಒಂದು ಪತ್ರವನ್ನು. ಅಣ್ಣ ಚೀಟಿಯನ್ನು ಓದಿ ವಾಪಸು ಕೊಟ್ಟ.

“ಹ್ಯಾಟ್ರಿಕ್,” ಎಂದ.

ಅಂದು ಮಧ್ಯಾಹ್ನ ಮೊದಲೇ ಕಾದಿರಿಸಿದ್ದ ದೊಡ್ಡ ಜಯಂಟ್ ವ್ಹೀಲಿಗೆ ಹೋದೆವು. ಕಾರ್ಯಕ್ರಮ ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಶುಕ್ರವಾರದವರೆಗೂ ಮೇಲ್ ಬರಲಿಲ್ಲ. ಭಾನುವಾರ ಅಣ್ಣ, ಮಗು, ನಾನು ವಿಮಾನ ಹತ್ತಿದೆವು. ನಾನು ಒಂದು ವಾರ ರಜೆ ಕೇಳಿ ಅವರ ಜೊತೆ ಉಳಿಯಬಹುದಿತ್ತು. ಅಣ್ಣ ಕೇಳಲಿಲ್ಲ, ಅತ್ತಿಗೆ ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಕಿಂಡರ್‌ಗಾರ್ಟನ್ ಶುರುವಾಗಲು ಎಂಟು ದಿನವಿತ್ತು. “ಅಷ್ಟರಾಗ ಬಂದ ಬರ್ತೇನಿ,” ಎಂದು ಅತ್ತಿಗೆ ಮಗಳಿಗೆ ಮೂರು ಸಲ ಹೇಳಿದರು. “ಓಕೆ ಅಮ್ಮಾ, ಪ್ರಾಮಿಸ್?” ಎಂದಿತು ಅದು.

ಅತ್ತಿಗೆ ದಿನಾ ಫೋನ್ ಮಾಡುತ್ತಿದ್ದರು. ಬುಧವಾರ ಮಧ್ಯಾಹ್ನ, ಅಂದರೆ ಅವರಿಗೆ ರಾತ್ರಿ, ನಾನು ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಊಟ ಮಾಡುತ್ತಿದ್ದೆ. ಮಗಳು ತಲೆ ಬಾಚಿಸಿಕೊಳ್ಳುತ್ತಾಳಾ, ರಾತ್ರಿ ಅಳುತ್ತಾಳಾ ಎಂದೆಲ್ಲ ಕೇಳಿದರು. ಆಮೇಲೆ ಹೇಳಿದರು:

“ನೀ ಹೇಳಿದ್ದಕ್ಕ ನಾ ಇಲ್ಲೆ ಕುಂತಿಲ್ಲ. ಅದು ನನಗ ಗೊತ್ತದ. ಆದ್ರ ಆ ಎಂಟು ದಿನ ನಿಮ್ಮಣ್ಣ ಆಡಿದ ಒಂದೊಂದು ಮಾತೂ ನೀನ ಕೊಟ್ಟದ್ದು.”

“ಅತ್ತಿಗೆ, ನಾನು ಸುಮ್ನೆ ತಮಾಷೆಗೆ—”

“ನೀ ನಕ್ಕಿ. ನಾ ನೋಡಿದೆ.”

ಅವರು ದನಿ ಏರಿಸಲಿಲ್ಲ. ನನ್ನ ಬಗ್ಗೆ ಅಷ್ಟು ನಿಖರವಾದ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಕ್ಷಮೆ ಕೇಳಬೇಕಿತ್ತು. ಮೀಟಿಂಗ್ ಇದೆ ಎಂದು ಫೋನ್ ಇಟ್ಟೆ.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಮೇಲ್ ಬಂತು. ಅರ್ಜಿ ತುಂಬಿದವಳು ನಾನಾದ್ದರಿಂದ ಅದರಲ್ಲಿ ನನ್ನದೇ ಇಮೇಲ್ ವಿಳಾಸವಿತ್ತು. ಪಾಸ್‌ಪೋರ್ಟು ಸಿದ್ಧವಾಗಿದೆ, ಬಂದು ಪಡೆಯಬಹುದು, ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕೌಂಟರ್ ಮುಚ್ಚುತ್ತದೆ, ಮತ್ತೆ ತೆರೆಯುವುದು ಸೋಮವಾರ. ಅಲ್ಲಿ ಆಗ ಗುರುವಾರ ಮಧ್ಯಾಹ್ನ ಮೂರು. ಆಗಲೇ ತಿಳಿಸಿದ್ದರೆ ಅತ್ತಿಗೆ ಶುಕ್ರವಾರ ಬೆಳಿಗ್ಗೆ ಅದನ್ನು ಪಡೆದು, ಶನಿವಾರದ ವಿಮಾನದಲ್ಲಿ ಮನೆಗೆ ಬರಬಹುದಿತ್ತು. ಈ ಲೆಕ್ಕವನ್ನು ನಾನು ಹಾಸಿಗೆಯಲ್ಲಿ ಕೂತೇ ಹಾಕಿದೆ. ಗೊತ್ತಾಗದೆ ಮಾಡಿದೆ ಎಂದು ಹೇಳಿಕೊಳ್ಳುವಂತಿಲ್ಲ. ಫೋನನ್ನು ಕವುಚಿ ಇಟ್ಟು ಹಲ್ಲುಜ್ಜಲು ಹೋದೆ.

ಅಂದು ಅತ್ತಿಗೆ “ಮೇಲ್ ಬಂತೇನು?” ಎಂದು ಕೇಳಿದರು. ಇಲ್ಲ ಎಂದೆ. ಶುಕ್ರವಾರ ಸಂಜೆ ಆಫೀಸು ಬಿಟ್ಟ ಮೇಲೆ, ‘ಈಗ ತಾನೇ ಬಂತು’ ಎಂದು ಸಂದೇಶ ಕಳಿಸಿದೆ. ಮೇಲನ್ನು ಫಾರ್ವರ್ಡ್ ಮಾಡಲಿಲ್ಲ, ಅದರಲ್ಲಿ ತಾರೀಖು ಇತ್ತು.

“ಅಯ್ಯ, ಒಂದು ದಿನ ಮೊದಲು ಬಂದಿದ್ರ!” ಎಂದರು ಶನಿವಾರ ಫೋನಿನಲ್ಲಿ. ಅಳುತ್ತಿದ್ದರು ಅನಿಸುತ್ತದೆ. ಅಣ್ಣ ಪಕ್ಕದಲ್ಲಿ ಕೂತು, “ಇನ್ನೂ ಎರಡು ದಿನ ವಿಯೆನ್ನಾ ನೋಡು ಮಜವಾಗಿ,” ಎಂದು ಕೂಗಿ ಹೇಳಿದ.

ಸೋಮವಾರ ಮಗುವಿಗೆ ಎರಡು ಜಡೆ ಹಾಕಿದೆ, ಒಂದು ಮೇಲೆ, ಒಂದು ಕೆಳಗೆ ಆಯಿತು. ಶಾಲೆಯ ಬಾಗಿಲಲ್ಲಿ ಅದು ಬೇರೆ ಮಕ್ಕಳ ಅಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ನೋಡಿತು. “ಶಿ ಪ್ರಾಮಿಸ್ಡ್,” ಎಂದಿತು. ಅಳಲಿಲ್ಲ. ನಾನು ಫೋಟೋ ತೆಗೆದು ಅತ್ತಿಗೆಗೆ ಕಳಿಸಿದೆ. ಅವರು ಅಷ್ಟರಲ್ಲಿ ಪಾಸ್‌ಪೋರ್ಟು ತೆಗೆದುಕೊಂಡಿದ್ದರು, ಮರುದಿನದ ವಿಮಾನ.

ಉತ್ತರ ಕೂಡಲೇ ಬಂತು. ‘ಬುಧವಾರ ನಾನು ಆಡಿದ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ಒಬ್ಬಳೇ ಕೂತು ತಲೆ ಕೆಟ್ಟಿತ್ತು, ನೀ ಇದ್ದದ್ದಕ್ಕೆ ಮಗಳು ಹೆದರದೆ ಹೋದಳು,’ ಎಂದು ಅತ್ತಿಗೆ ಬರೆದಿದ್ದರು. ಅದನ್ನು ಶಾಲೆಯ ಎದುರಿನ ಫುಟ್‌ಪಾತಿನಲ್ಲಿ ನಿಂತು ಎರಡು ಸಲ ಓದಿದೆ. ‘ಪರವಾಗಿಲ್ಲ ಅತ್ತಿಗೆ’ ಎಂದು ಬರೆದು ಕಳಿಸಿದೆ.