ಅಕ್ಕಿಯ ಮೇಲೆ ಬರೆದ ಹೆಸರು

ಸದಲಗಾದ ಲಕ್ಷ್ಮಿಬಾಯಿ ಹಾಲು ಅಳೆಯುವಾಗ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಅಳತೆ ತಪ್ಪುತ್ತದೆ ಎಂಬುದು ಅವಳ ನಂಬಿಕೆ. ಆದರೆ ಎಂಬತ್ತೊಂಬತ್ತನೆಯ ಇಸವಿಯ ಮಳೆಗಾಲದಲ್ಲಿ ಹಾಲಿಗೆ ಬಂದವರೆಲ್ಲ ಅವಳ ತುಟಿ ಅಲುಗುವುದನ್ನು ಕಂಡರು. ರಾಯಬಾಗ, ಮಿರಜ, ಪುಣೆ, ದಿಲ್ಲಿ, ಅಮೃತಸರ, ಅಟಾರಿ, ಲಾಹೋರ. ಜಪದ ಹಾಗೆ ಊರ ಹೆಸರುಗಳು. ಕೊನೆಯ ಊರು ಕರಾಚಿ. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕರಾಚಿಯಲ್ಲಿ ಅವಳ ಅಕ್ಕ ಶೇವಂತಾ ಇದ್ದಳು. ದೇಶ ಇನ್ನೂ ಒಂದಾಗಿದ್ದ ಕಾಲಕ್ಕೆ ಈ ಸೀಮೆಯ ಗಂಡಸರು ಕೂಲಿ ಹುಡುಕಿಕೊಂಡು ಅಲ್ಲಿನ ಬಂದರಿನವರೆಗೂ ಹೋಗುತ್ತಿದ್ದರು. ಅಂಥವನೊಬ್ಬ ಅಕ್ಕತಂಗಿಯರ ತವರೂರು ದಿಗ್ಗೇವಾಡಿಗೆ ಬಂದು ಶೇವಂತಾಳ ಕೈಹಿಡಿದು ಕರೆದೊಯ್ದ. ಅವರ ಚಕ್ಕಡಿಯ ಹಿಂದೆ ಕೃಷ್ಣೆಯ ದಡದವರೆಗೂ ಓಡಿಹೋದ ತಂಗಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ಮರುವರ್ಷ ನಡುವೆ ಗಡಿ ಬಿತ್ತು. ಆಮೇಲೆ ಬಂದದ್ದು ಬರೀ ಕಾಗದಗಳು; ಯುದ್ಧ ಬಂದಾಗ ಅವೂ ನಿಂತವು, ಮತ್ತೆ ಬಂದವು.

ಆ ಜ್ಯೇಷ್ಠದಲ್ಲಿ ಬಂದ ಕಾಗದವನ್ನು ಶೇವಂತಾಳ ಮಗ ಮಲಕಾರಿ ಮರಾಠಿಯಲ್ಲಿ ಬರೆದಿದ್ದ. ಅವ್ವನ ಕಣ್ಣು ಪೂರ್ತಿ ಹೋಗಿದೆ. ಈಗೀಗ ನನ್ನನ್ನೂ ಮರೆಯುತ್ತಾಳೆ, ಸೊಸೆಯನ್ನೂ ಮರೆಯುತ್ತಾಳೆ. ಇನ್ನೂ ಮರೆಯದ ಹೆಸರು ಒಂದೇ, ಅಕ್ಕು. ಚಿಕ್ಕವ್ವಾ, ಅದೂ ಮರೆಯುವ ಮುಂಚೆ ಬಾ.

ಲಕ್ಷ್ಮಿಬಾಯಿ ಅದನ್ನು ಓದಿಸಿಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅಕ್ಕು ಎಂದರೆ ಅವಳೇ. ತವರಿನಲ್ಲಿ ಅಕ್ಕುತಾಯಿಯಾಗಿ ಹುಟ್ಟಿದವಳು ಸದಲಗಾಕ್ಕೆ ಸೊಸೆಯಾಗಿ ಬಂದ ದಿನ ಲಕ್ಷ್ಮಿಬಾಯಿ ಆಗಿದ್ದಳು. ಗಂಡನ ಮನೆಯಲ್ಲಿ ಹೊಸ ಹೆಸರಿಡುವುದು ಇಲ್ಲಿಯ ಪದ್ಧತಿ; ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ ಬರೆಯುತ್ತಾರೆ. ತವರಿನ ಹೆಸರು ತವರಿನಲ್ಲೇ ಉಳಿಯುತ್ತದೆ. ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕರಾಚಿಗೆ ಹೋಗುವ ಏರ್ಪಾಟು ಶುರುವಾದಾಗಲೂ ಯಾರೂ ಯೋಚಿಸಲಿಲ್ಲ.

ಪ್ರಯಾಣದ ಜವಾಬ್ದಾರಿಯನ್ನು ಪಕ್ಕದ ಮನೆಯ ದಾದಾಸಾಹೇಬ ವಹಿಸಿಕೊಂಡ. ಫೌಜಿನಿಂದ ನಿವೃತ್ತನಾದವನು, ಪಂಜಾಬಿನಲ್ಲಿ ಇದ್ದು ಬಂದವನು. ಕಟ್ಟೆಯ ಮೇಲೆ ತಾಟಿಟ್ಟು ಜೋಳದ ಸಣ್ಣ ಸಣ್ಣ ಗುಡ್ಡೆ ಮಾಡಿದ.

"ನೋಡ್ರಿ ವೈನಿ. ಇದು ರಾಯಬಾಗ ಟೇಶನ್. ಇದು ಮಿರಜ. ಇಲ್ಲಿ ಸಣ್ಣ ಗಾಡಿ ಇಳದು ದೊಡ್ಡ ಗಾಡಿ ಹತ್ತೂದು. ಇದು ತಪ್ಪಿದ್ರ ಪುಣೆ ತಪ್ಪಿತು. ಪುಣೆ ತಪ್ಪಿದ್ರ ದಿಲ್ಲಿ ತಪ್ಪಿತು."

"ದಿಲ್ಲಿ ತಪ್ಪಿದ್ರ?"

"ವೀಸಾದ ತಾರೀಖು ಮುಗೀತೈತಿ. ಗಡಿ ಮ್ಯಾಲಿನ ಅಟಾರಿತನಕ ನಾ ಬರ್ತೀನಿ. ಅಲ್ಲಿಂದ ಮುಂದ ನೀವೊಬ್ರ. ಲಾಹೋರದಾಗ ಮಲಕಾರಿ ನಿಂತಿರ್ತಾನ."

ಅಷ್ಟರಲ್ಲಿ ಕೋಳಿಯೊಂದು ಕಟ್ಟೆಗೆ ಹಾರಿ ಕೊನೆಯ ಗುಡ್ಡೆಗೆ ಕೊಕ್ಕು ಹಾಕಿತು. ಲಕ್ಷ್ಮಿಬಾಯಿಯ ಗಂಡ ಕಾಡಸಿದ್ದ ಎಮ್ಮೆಗೆ ಮೇವು ಹಾಕುತ್ತ ನಕ್ಕ. "ಲೇ ದಾದ್ಯಾ, ನಿನ್ನ ಲಾಹೋರ ಕೋಳಿ ತಿಂತಲೇ!"

ಲಕ್ಷ್ಮಿಬಾಯಿ ನಗಲಿಲ್ಲ. ಅದನ್ನು ಅಪಶಕುನ ಎಂದುಕೊಂಡು ಇಡೀ ದಿನ ಉಣ್ಣಲಿಲ್ಲ.

ಪೊಲೀಸರ ವಿಚಾರಣೆ ಮುಗಿದು, ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಮಲಕಾರಿ ಕಳಿಸಿದ ಆಮಂತ್ರಣ ಪತ್ರವೂ ಬಂತು. ಎರಡನ್ನೂ ಹಿಡಿದುಕೊಂಡು ಲಕ್ಷ್ಮಿಬಾಯಿ ಮತ್ತು ದಾದಾಸಾಹೇಬ ಮುಂಬೈಗೆ ಹೋಗಿ ವೀಸಾ ಕಚೇರಿಯ ಸಾಲಿನಲ್ಲಿ ನಿಂತರು. ಕಿಟಕಿಯ ಹಿಂದಿನ ಗುಮಾಸ್ತ ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ನೋಡಿದ.

"ಅಕ್ಕುತಾಯಿ ಕೌನ್ ಹೈ?"

ಲಕ್ಷ್ಮಿಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ತೋ ಲಕ್ಷ್ಮಿಬಾಯಿ ಕೌನ್ ಹೈ?"

ಮತ್ತೆ ಅದೇ ಎದೆ, ಅದೇ ಕೈ. ಹಿಂದೆ ನಿಂತವರು ನಕ್ಕರು. ಗುಮಾಸ್ತ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟ. ಅರ್ಜಿಯಲ್ಲಿ ಅಕ್ಕನ ಹೆಸರು ಶೇವಂತಾ ಎಂದಿತ್ತು. ಕರಾಚಿಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳು ಕಾಶಿಬಾಯಿ. ಶೇವಂತಾಳಿಗೂ ಗಂಡನ ಮನೆಯವರು ಅಕ್ಕಿಯ ಮೇಲೆ ಹೆಸರು ಬರೆದಿದ್ದರು. ಇಬ್ಬರು ಅಕ್ಕತಂಗಿಯರು, ನಾಲ್ಕು ಹೆಸರು. ಯಾವ ಕಾಗದವೂ ಇನ್ನೊಂದನ್ನು ಗುರುತಿಸುತ್ತಿರಲಿಲ್ಲ. ಗುಮಾಸ್ತ ಎಲ್ಲವನ್ನೂ ಮಡಚಿ ಹಿಂದಕ್ಕೆ ಕೊಟ್ಟ.

ವಾಪಸು ಬರುವಾಗ ರೈಲಿನಲ್ಲಿ ದಾದಾಸಾಹೇಬ ತನ್ನನ್ನೇ ಬೈದುಕೊಂಡ. "ನಮ್ಮ ಮನ್ಯಾಗಿನ ಹೆಣ್ಮಕ್ಕಳಿಗೆಲ್ಲ ಎರಡೆರಡು ಹೆಸರು ಅದಾವ. ನನ್ನ ತಲ್ಯಾಗ ಯಾಕ ಹೊಳೀಲಿಲ್ಲ ಇದು!"

"ಇದೆಲ್ಲ ಸರಿ ಆಗೂ ಅಷ್ಟರಾಗ ಆಕಿ ನನ್ನ ಮರತ ಬಿಡ್ತಾಳ್ರಿ," ಎಂದಷ್ಟೇ ಹೇಳಿ ಲಕ್ಷ್ಮಿಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಎರಡೂ ಹೆಸರು ಒಬ್ಬಳದೇ ಎಂದು ಚಿಕ್ಕೋಡಿ ಕೋರ್ಟಿನಲ್ಲಿ ಪ್ರಮಾಣಪತ್ರ ಮಾಡಿಸಬೇಕಾಯಿತು. ಅದಕ್ಕೆ ಕಾಡಸಿದ್ದ ಸಾಕ್ಷಿ. ಧೋತರ ಇಸ್ತ್ರಿ ಮಾಡಿಸಿಕೊಂಡು ಬಂದು ವಕೀಲರ ಮುಂದೆ ಬೆವರುತ್ತ ನಿಂತ.

"ಹೆಸರು ಯಾಕ ಬದಲಿ ಮಾಡಿದ್ಯೋ ಮಾರಾಯಾ?" ಎಂದರು ವಕೀಲರು.

"ನಾ ಎಲ್ಲಿ ಮಾಡೀನ್ರಿ ಸಾಹೇಬ್ರ? ನಮ್ಮವ್ವ ಮಾಡ್ಯಾಳ. ಅಕ್ಕಿ ಮ್ಯಾಲ ಉಂಗುರಲೆ ಬರದ್ವಿ. ನನಗ ಅಕ್ಷರ ಬರೂದಿಲ್ಲ, ಅಯ್ಯನೋರು ಕೈ ಹಿಡದು ಬರಸ್ಯಾರ."

"ಮತ್ತ ಪುರಾವೆ ಏನೈತಿ? ಆ ಅಕ್ಕಿ ಎಲ್ಲೈತಿ?"

"ಅವತ್ತ ಉಂಡ್ವಿರಿ."

ವಕೀಲರು ನಕ್ಕು ಬರೆದುಕೊಂಡರು. ಕಾಡಸಿದ್ದ ಹೆಬ್ಬೆಟ್ಟು ಒತ್ತಿ, ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಹೆಂಡತಿಯ ಹತ್ತಿರ ಬಂದ. ಬೆರಳಿನ ಮಸಿಯನ್ನು ಧೋತರಕ್ಕೇ ಒರೆಸಿಕೊಂಡು ಮೆಲ್ಲಗೆ ಕೇಳಿದ. "ಅಕ್ಕುತಾಯಿ ಅಂತ ಚಲೋನ ಇತ್ತಲ್ಲ. ಯಾಕ ತಗದ್ವಿ?"

"ನನಗೇನ ಕೇಳ್ತೀರಿ," ಎಂದಳು ಲಕ್ಷ್ಮಿಬಾಯಿ. ಆದರೆ ಮದುವೆಯಾದಾಗಿನಿಂದ ಅವನ ಬಾಯಲ್ಲಿ ಆ ಹೆಸರು ಅವಳು ಕೇಳಿದ್ದು ಅದೇ ಮೊದಲು.

ಪ್ರಮಾಣಪತ್ರದ ಪ್ರತಿ ಕರಾಚಿಗೆ ಹೋಗಿ, ಅಲ್ಲಿಂದ ಲಕ್ಷ್ಮಿಬಾಯಿ ಎಂಬ ಹೆಸರಿನಲ್ಲಿ ಹೊಸ ಆಮಂತ್ರಣ ಬರುವುದರೊಳಗೆ ಮಳೆ ನಿಂತು ತಂಬಾಕಿನ ಹೊಲಗಳು ಹಸಿರಾದವು. ವೀಸಾ ಆಯಿತು. ಮಲಕಾರಿಯ ಕಾಗದದಲ್ಲಿ ಮಾತ್ರ ಸಾಲುಗಳು ಕಡಿಮೆಯಾಗುತ್ತಿದ್ದವು. ಅವ್ವನ ಮಾತು ಈಗ ಕಡಿಮೆ. ಅಕ್ಕು ಅನ್ನುತ್ತಾಳೆ, ಆದರೆ ದಿನಾ ಅಲ್ಲ.

ಇತ್ತ ದಾದಾಸಾಹೇಬ ಸಂಜೆಯಾದರೆ ಟೋಪಿ ಹಾಕಿಕೊಂಡು ಗಡಿಯ ಅಧಿಕಾರಿಯಾಗಿ ಕೂರುತ್ತಿದ್ದ.

"ನಾಮ್?"

"ಲಕ್ಷ್ಮಿಬಾಯಿ."

"ಕಿಸ್‌ಕೇ ಘರ್ ಜಾನಾ ಹೈ?"

"ಬಹೆನ್. ಶೇ... ಕಾಶಿಬಾಯಿ."

"ಆತು, ಗಾಡಿಂದ ಇಳಸಿದ್ರು ನಿಮ್ಮನ್ನ! ವೈನಿ, ಶೇವಂತಾ ಅನ್ನೂ ಹೆಸರು ಅಟಾರಿ ದಾಟೂತನಕ ನುಂಗಿಬಿಡ್ರಿ. ಅಕ್ಕೂನ್ನೂ ನುಂಗ್ರಿ. ಯಾರರೆ ಹಿಂದಿಂದ ಅಕ್ಕೂ ಅಂತ ಕರದ್ರ ಹೊಳ್ಳಿ ಸೈತ ನೋಡಬ್ಯಾಡ್ರಿ."

ಅವಳು ನುಂಗಿದಳು. ದಿಗ್ಗೇವಾಡಿಯಿಂದ ಬುತ್ತಿ ಕಟ್ಟಿಕೊಂಡು ಬಂದ ತಮ್ಮನ ಹೆಂಡತಿ ಕೆಂಪವ್ವ ಬಾಗಿಲಲ್ಲೇ "ಅಕ್ಕೂಬಾಯೀ" ಎಂದು ಕೂಗಿದಾಗ ಅವಳು ತಿರುಗಲಿಲ್ಲ. ಕೆಂಪವ್ವ ಮುನಿಸಿಕೊಂಡಳು. "ಇನ್ನ ಗಾಡೀನ ಹತ್ತಿಲ್ಲ, ಈಗ ನಮ್ಮ ಗುರ್ತ ಹತ್ತವಲ್ತು ಈಕಿಗೆ!"

ಹೊರಟ ದಿನ ಮಿರಜದಲ್ಲಿ ಸಣ್ಣ ಗಾಡಿ ತಡವಾಗಿ ಬಂತು. ದಾದಾಸಾಹೇಬ ಟ್ರಂಕು ಹೊತ್ತುಕೊಂಡು ಮುಂದೆ, ಅವಳು ರೊಟ್ಟಿಯ ಗಂಟು ಹಿಡಿದುಕೊಂಡು ಹಿಂದೆ, ಮೇಲ್ಸೇತುವೆಯ ಮೆಟ್ಟಿಲಲ್ಲಿ ಚಪ್ಪಲಿ ಕಿತ್ತುಹೋದರೂ ನಿಲ್ಲದೆ ಓಡಿ ಪುಣೆಯ ಗಾಡಿ ಹಿಡಿದರು. ಆಮೇಲೆ ದಿಲ್ಲಿಯವರೆಗೂ ಅವಳು ಮಲಗಲಿಲ್ಲ. ಪಾಸ್‌ಪೋರ್ಟಿನ ಚೀಲವನ್ನು ಕುಪ್ಪಸದೊಳಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅದು ಇದೆ ಎಂದು ಗೊತ್ತಾದ ಮೇಲೆ, ಅದರೊಳಗಿನ ಹೆಸರು ಹಾಗೇ ಇದೆಯೋ ಇಲ್ಲವೋ ಎಂಬ ಹೊಸ ಭಯ.

ಅಟಾರಿಯಲ್ಲಿ ಕಬ್ಬಿಣದ ಗೇಟಿನ ಈಚೆ ದಾದಾಸಾಹೇಬ ನಿಂತ. "ಕಾಶಿಬಾಯಿ," ಎಂದು ಕೊನೆಯ ಸಲ ನೆನಪಿಸಿದ. ಒಳಗೆ ಉದ್ದನೆಯ ಮೇಜಿನ ಮೇಲೆ ಅವಳ ಗಂಟು ಬಿಚ್ಚಿದರು. ಶೇಂಗಾ ಚಟ್ನಿಯ ಡಬ್ಬಿ ತೆಗೆದು ಮೂಸಿದ ತಪಾಸಣೆಯವನು ಸೀನಿದ, ಪಕ್ಕದವನೂ ಸೀನಿದ. ಹೆಸರು ಕೇಳಿದರು. ಲಕ್ಷ್ಮಿಬಾಯಿ. ಠಪ್ ಎಂದು ಮುದ್ರೆ ಬಿತ್ತು. ಗಾಡಿ ಮೆಲ್ಲಗೆ ಹೊರಟಿತು. ತಂತಿಬೇಲಿ ದಾಟಿದ ಮೇಲೂ ಅದೇ ಗೋದಿಯ ಹೊಲ, ಅದೇ ಎಮ್ಮೆಗಳು. ಆ ಕಡೆಯ ಮೇಜಿನಲ್ಲಿ ಮತ್ತೆ ಕೇಳಿದರು. ಲಕ್ಷ್ಮಿಬಾಯಿ. ಯಾರ ಮನೆಗೆ? ಬಹೆನ್, ಕಾಶಿಬಾಯಿ. ಮತ್ತೆ ಮುದ್ರೆ. ನಾಲಗೆ ಒಂದು ಸಲವೂ ತಡವರಿಸಲಿಲ್ಲ.

ಲಾಹೋರದಲ್ಲಿ ಮಲಕಾರಿ ಇದ್ದ. ಅವನ ಮೂಗು ಥೇಟು ಶೇವಂತಾಳದು. ಅವ್ವ ಹೇಗಿದ್ದಾಳೆ ಎಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಕರಾಚಿಯ ಗಾಡಿಯಲ್ಲಿ ಇಬ್ಬರೂ ಮರಳುಗಾಡು ನೋಡುತ್ತ ಕೂತರು.

ಮನೆ ಓಣಿಯ ಕೊನೆಯಲ್ಲಿತ್ತು. ಮಲಕಾರಿ ರಿಕ್ಷಾದಿಂದ ಟ್ರಂಕು ಇಳಿಸುತ್ತಿದ್ದಾಗ ಲಕ್ಷ್ಮಿಬಾಯಿ ಒಬ್ಬಳೇ ಹೊಸ್ತಿಲಿಗೆ ಬಂದಳು. ಒಳಗೆ ಗೋಡೆಗೆ ಒರಗಿ ಒಬ್ಬ ಮುದುಕಿ ಕೂತಿದ್ದಳು. ಹೆಜ್ಜೆಯ ಸಪ್ಪಳಕ್ಕೆ ತಲೆಯೆತ್ತಿದಳು.

"ಕೋಣ್ ಆಹೇ?" ಯಾರು ಎಂದು ಮರಾಠಿಯಲ್ಲಿ ಕೇಳಿದಳು.

ಇಷ್ಟು ದಿನದ ರೂಢಿ, ನಾಲಗೆ ತಾನೇ ಉತ್ತರ ಕೊಟ್ಟಿತು. "ಲಕ್ಷ್ಮಿಬಾಯಿ."

ಆ ಹೆಸರು ಮುದುಕಿಯ ನೆನಪಿನಲ್ಲಿ ಇರಲೇ ಇಲ್ಲ. ಅವಳು ಊರು ಬಿಟ್ಟ ಮೇಲೆ ಬರೆದ ಹೆಸರು ಅದು. ಯಾವ ಲಕ್ಷ್ಮಿಬಾಯಿ, ನನಗೆ ಗೊತ್ತಿಲ್ಲವಲ್ಲ ಎಂದು ಮರಾಠಿಯಲ್ಲೇ ಅಂದಳು. ಆಮೇಲೆ ಮರ್ಯಾದೆಗೆಂಬಂತೆ ಪಕ್ಕದಲ್ಲಿ ಕೈಯಾಡಿಸಿ ಚಾಪೆ ಸರಿಮಾಡಿ ಕೇಳಿದಳು, ಬಾಯಿ, ನೀನು ರೈಲಿನಲ್ಲಿ ಬಂದೆಯಾ? ನಮ್ಮ ಅಕ್ಕು ಬರುವವಳಿದ್ದಾಳೆ. ದಾರಿಯಲ್ಲಿ ಎಲ್ಲಾದರೂ ಕಂಡಳಾ?

ಲಕ್ಷ್ಮಿಬಾಯಿ ಹೊಸ್ತಿಲಲ್ಲೇ ಕೂತಳು. ಬಾಯಿ ತೆರೆದರೆ ಹೆಸರು ಬರಲೊಲ್ಲದು. ಎಲ್ಲ ಮೇಜುಗಳ ಮುಂದೆ ಅಷ್ಟು ಜೋಪಾನವಾಗಿ ನುಂಗಿಕೊಂಡು ಬಂದದ್ದು ಗಂಟಲಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಮಂಡಿಯ ಮೇಲೆ ಸರಿದು ಸರಿದು ಚಾಪೆಯವರೆಗೂ ಬಂದಳು. ಮುದುಕಿಯ ಕೈ ಹಿಡಿದು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡಳು.

"ಶೇವಂತಕ್ಕಾ," ಎಂದಳು. "ನಾನ ಬೇ. ಅಕ್ಕು."

ಮುದುಕಿಯ ಬೆರಳು ಕೆನ್ನೆಯ ಮೇಲೆ ನಿಂತಿತು. ಮಲಕಾರಿ ಟ್ರಂಕು ಹೊತ್ತು ಬಾಗಿಲಿಗೆ ಬಂದವನು ಅಲ್ಲೇ ನಿಂತ. ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಯಾರೂ ಆಡದಿದ್ದ ದಿಗ್ಗೇವಾಡಿಯ ಮಾತಿನಲ್ಲಿ ಅವನ ಅವ್ವ ಬೈಯತೊಡಗಿದ್ದಳು.

"ಎಷ್ಟೊತ್ತಲೇ ಹುಚ್ಚಿ. ಚಕ್ಕಡಿ ಹಿಂದ ಓಡಿ ಬರಾಕತ್ತಿದ್ದಿ. ಹೊಳ್ಳಿ ನೋಡಿದ್ರ ಇಲ್ಲ."