ಬುಟ್ಟಿಯ ಹಿಂದಿನ ಸಾಲು

ನಮ್ಮ ಮನೆಯವರು ಹೇಳುವ ಕಥೆಯನ್ನು ನೀವು ಹಾಗೆಯೇ ನಂಬಬೇಡಿ. ಐವತ್ತರ ದಶಕದ ಒಂದು ಚಳಿಗಾಲದಲ್ಲಿ ಮಂಡ್ಯ ಕಡೆಯ ಬಡಕಲು ವಿದ್ಯಾರ್ಥಿಯೊಬ್ಬ ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಹೋಗಿ, ಇಡೀ ಜಿಮ್ಮಿಗೆ ಕನ್ನಡ ಕಲಿಸಿಬಿಟ್ಟನಂತೆ. ಆ ವಿದ್ಯಾರ್ಥಿ ನನ್ನ ತಾತ, ಅಮ್ಮನ ಅಪ್ಪ. ಹೇವರ್ಡ್‌ನ ನಮ್ಮ ಮನೆಯಲ್ಲಿ ಅಮ್ಮ ಹೇಳುವಾಗ ಕನ್ನಡ ಕೂಗಿದ್ದು ಅರ್ಧ ಜಿಮ್ಮು. ಸರಟೋಗಾದ ಮಾವನ ಮನೆ ತಲುಪುವಷ್ಟರಲ್ಲಿ ಪೂರ್ತಿ ಜಿಮ್ಮು. ಮಾರ್ಗನ್ ಹಿಲ್‌ನ ಚಿಕ್ಕಮ್ಮನ ಮನೆಯಲ್ಲಿ ಕೋಚ್ ಕೂಡ ಎದ್ದು ಬಂದು ತಾತನ ಕೈ ಕುಲುಕುತ್ತಾನೆ. ಫ್ರೀವೇಯಲ್ಲಿ ದಕ್ಷಿಣಕ್ಕೆ ಹೋದಷ್ಟೂ ಕಥೆ ದಪ್ಪವಾಗುತ್ತದೆ.

ಕಳೆದ ಶನಿವಾರ ಅದೇ ಕಾಲೇಜಿಗೆ, ಹೈಸ್ಕೂಲು ಮಕ್ಕಳ ಡಿಬೇಟಿಗೆ ಜಡ್ಜ್ ಆಗಿ ಹೋಗಿದ್ದೆ. ಮಧ್ಯಾಹ್ನದ ಊಟಕ್ಕೆ ಹಳೆಯ ಜಿಮ್ಮಿನಲ್ಲಿ ಮೇಜು ಹಾಕಿದ್ದರು. ಬಾಗಿಲು ತಳ್ಳಿದೊಡನೆ ಮರದ ನೆಲದ ವಾರ್ನಿಷ್ ವಾಸನೆ, ಅದರಡಿಯಲ್ಲಿ ಎಂದೂ ಆರದ ಬೆವರಿನ ವಾಸನೆ. ಹಿಂದೆಂದೂ ಅಲ್ಲಿಗೆ ಕಾಲಿಟ್ಟವಳಲ್ಲ ನಾನು. ಆದರೂ ಆ ವಾಸನೆ ಗೊತ್ತಿತ್ತು. ತಾತ ಹೇಳಿದ್ದರಲ್ಲ: "ಹೊಸಾ ಬಾಗ್ಲಿಗೆ ಪಾಲೀಸ್ ಹಾಕ್ಬುಟ್ಟು, ಅದ್ರ ಮುಂದೆ ಕಬ್ಬು ಕಡ್ದು ಬಂದವ್ರನ್ನ ಸಾಲಾಗಿ ನಿಲ್ಸಿದಂಗೆ ಕಣವ್ವ."

ನಾನು ಡಿಬೇಟ್ ಟೀಮಿಗೆ ಸೇರಿದ ವರ್ಷವೇ ತಾತ ನಮ್ಮ ಜೊತೆ ಇರಲು ಬಂದರು. ಅವರಿಗೆ ಕೇಳುವವರು ಬೇಕಿತ್ತು, ನನಗೆ ಎದುರಾಳಿ. ಗರಾಜಿನ ಬಾಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಡ್ರೈವ್‌ವೇಯಲ್ಲಿ ನಾನು ಚೆಂಡು ಬಡಿಯುವುದನ್ನು ನೋಡುತ್ತ, ಆ ಸೀಸನ್ನನ್ನು ಹರಿಕಥೆಯ ಹಾಗೆ ಪಂದ್ಯ ಪಂದ್ಯವಾಗಿ ಬಿಡಿಸುತ್ತಿದ್ದರು. ರಿಂಗು ಎಂದು ಅವರ ಬಾಯಲ್ಲಿ ಬರುತ್ತಿರಲಿಲ್ಲ, ಬುಟ್ಟಿ. ಕೈಗೆ ಬಂದ ಚೆಂಡನ್ನು ಇಂತಿಷ್ಟು ಹೊತ್ತಿನೊಳಗೆ ಬುಟ್ಟಿಗೆ ಎಸೆಯಬೇಕೆಂಬ ನಿಯಮ ಆಗಿನ ಕಾಲೇಜು ಆಟದಲ್ಲಿ ಇರಲಿಲ್ಲವಂತೆ. ಮುಂದಿರುವ ತಂಡ ಚೆಂಡನ್ನು ಕೈಯಿಂದ ಕೈಗೆ ಸಾಗಿಸುತ್ತ, ಪಂದ್ಯದ ಹೊತ್ತು ಕರಗಲಿ ಎಂದು ಕಾಯಬಹುದಿತ್ತು. ಈ ಕಾಲೇಜಿನವರು ಅದರಲ್ಲಿ ಪಳಗಿದವರು. ಬುಟ್ಟಿಯ ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ತಾತನಿಗೆ ಒಂದು ದಿನ ತಡೆಯಲಾಗಲಿಲ್ಲ. "ಹಾಕ್ಲಾ! ಹಾಕ್ಲಾ!" ಎಂದು ಮಂಡ್ಯದ ಮಾತಿನಲ್ಲೇ ಅರಚಿಬಿಟ್ಟರು, ಬುಟ್ಟಿಗೆ ಹಾಕೋ ಎಂದು. ಪಕ್ಕದವನು ನಕ್ಕು ತಾನೂ ಅರಚಿದ. ಮುಂದಿನ ಪಂದ್ಯಕ್ಕೆ ಇಡೀ ಸಾಲು ಅರಚಿತು. ಆಮೇಲಿನದನ್ನು ನಮ್ಮ ನೆಂಟರಿಂದ ಕೇಳಿದ್ದೀರಿ.

ನಾನು ಬಿಡುವವಳೇ?

"ತಾತ, ಅವರಿಗೆ ಅರ್ಥ ಹೇಗೆ ಗೊತ್ತಾಯ್ತು?"

"ಕೂಗಕ್ಕೆ ಅರ್ಥ ಯಾಕವ್ವ? ನಿಮ್ ಡಿಬೇಟಲ್ಲಿ ಎಲ್ರೂ ಅರ್ಥ ಆಗೇ ಕೂಗಾಡ್ತಾರಾ?"

"ಸಾಕ್ಷಿ ಯಾರು?"

"ನಾನೇ."

"ನೀವು ಈ ಕೇಸಿನ ಪಾರ್ಟಿ. ನಿಮ್ಮ ಮಾತು ನಡೆಯಲ್ಲ."

"ಹಂಗಾರೆ ಆ ಜಿಮ್ಮಿನ ಗೋಡೆನೇ ಕೇಳೋಗು, ಲಾಯರಮ್ಮ!" ಎಂದು ನಕ್ಕು, ಹಲ್ಲಿನ ಸೆಟ್ಟು ಸರಿಮಾಡಿಕೊಂಡು, ನಿಲ್ಲಿಸಿದ ಪಂದ್ಯದಿಂದಲೇ ಮತ್ತೆ ಶುರು ಮಾಡುತ್ತಿದ್ದರು. ನನ್ನ ಪಾಟೀಸವಾಲಿಗೆ ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕಾಲೇಜಿನಲ್ಲಿ ಪ್ರೀತಿಸಿದವನು ಎರಡನೇ ಪ್ರಶ್ನೆಗೇ ಫೋನು ತೆಗೆಯುತ್ತಿದ್ದ.

ಒಂದು ಸಂಜೆ ಮಾತ್ರ ಅವರು ಎದುರು ಹೇಳಲಿಲ್ಲ. ಕಿತ್ತಳೆ ಸುಲಿಯುತ್ತಿದ್ದರು. "ಜನ ಏನೋ ಕೂಗಿರ್ತಾರೆ, ನಿಮಗೆ ಹಾಗೆ ಕೇಳಿಸಿದೆ, ಅಷ್ಟೇ," ಎಂದೆ.

"ಇರಬೈದು ಕಣವ್ವ," ಎಂದರು. "ಹಡಗು ಹತ್ದಾಗ್ನಿಂದ ಒಬ್ರ ಬಾಯಲ್ಲೂ ಕನ್ನಡ ಕೇಳಿರ್ನಿಲ್ಲ. ಕ್ಲಾಸಲ್ಲಿ ನನ್ ಹೆಸ್ರು ಬಂದ್ರೆ ಮೇಷ್ಟ್ರು ಒಂದ್ಸಲ ಕೆಮ್ಮಿ ಮುಂದ್ಲೋನ್ ಹೆಸ್ರು ಕೂಗೋರು. ಅಂಥದ್ರಲ್ಲಿ ಅಷ್ಟು ಜನ ಒಂದೇ ಉಸುರ್ಗೆ ನಮ್ಮೂರ್ ಮಾತಾಡ್ಬುಟ್ರೆ..." ಮಾತು ಮುಗಿಸದೆ ನನಗೊಂದು ತೊಳೆ ಕೊಟ್ಟರು.

ನೋಡಿ, ವಾದದಲ್ಲಿ ಹೊಡೆಯಬೇಕಾದ ಜಾಗವೇ ಅದು. ಕೇಳಲೇಬೇಕೆಂದು ಹಂಬಲಿಸಿದವನ ಕಿವಿಯನ್ನು ನಂಬುವುದು ಹೇಗೆ? ಬಾಯಾರಿದವನಿಗೆ ಬಿಸಿಲೂ ನೀರಾಗಿ ಕಾಣುತ್ತದೆ. ಆ ಅಂಶವನ್ನು ಮುಂದಿನ ಸುತ್ತಿಗೆಂದು ಎತ್ತಿಟ್ಟುಕೊಂಡೆ. ಮುಂದಿನ ಸುತ್ತು ಬರಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ತಾತ ಹೋದರು.

ಈಗ ನೆಂಟರು ಸೇರಿದಾಗ ಕಥೆಗೆ ಅಡ್ಡಿಯೇ ಇಲ್ಲ. ನಾನು ಬಾಯಿ ತೆರೆದರೆ ಅಮ್ಮ, "ಸಾಕು ಸುಮ್ನಿರೇ, ಹೋದವರ ಜೊತೆ ಏನು ನಿಂದು ಆರ್ಗ್ಯುಮೆಂಟು?" ಎನ್ನುತ್ತಾರೆ. ಅವರಿಗೆ ಹೇಗೆ ಹೇಳಲಿ, ನನಗೆ ಬೇಕಾಗಿರುವುದು ಅದೇ ಎಂದು?

ಶನಿವಾರ ಆ ಜಿಮ್ಮಿನ ಗೋಡೆಯ ಮೇಲೆ ತಾತನ ಸೀಸನ್ನಿನ ತಂಡದ ಫೋಟೊ ಇತ್ತು. ಅದರ ಕೆಳಗೆ ಕೋಲು ಊರಿಕೊಂಡು, ಕೂತರೂ ಎತ್ತರ ಕಾಣುವ ಮುದುಕರೊಬ್ಬರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನಾನು ಫೋಟೊ ದಿಟ್ಟಿಸುವುದನ್ನು ಕಂಡು, "ಎಡದಿಂದ ಎರಡನೆಯವನು ನಾನು. ಕೂದಲು ನೋಡಬೇಡ, ಕಿವಿ ನೋಡು, ಅದೊಂದೇ ಉಳಿದಿರುವುದು," ಎಂದರು ಇಂಗ್ಲಿಷಿನಲ್ಲಿ.

ಕಿವಿ ನಿಜವಾಗಿಯೂ ಅದೇ. ಈಗ ಅದರಲ್ಲೊಂದು ಯಂತ್ರ.

"ಗೆಲ್ಲುತ್ತಿರುವಾಗ ನೀವು ಎಸೆಯುತ್ತಲೇ ಇರಲಿಲ್ಲವಂತೆ?"

"ಯಾರು ಹೇಳಿದ್ದು?"

"ಬುಟ್ಟಿಯ ಹಿಂದೆ ಕೂರುತ್ತಿದ್ದ ಒಬ್ಬರು."

"ಅಯ್ಯೋ, ಆ ಸಾಲು!" ಕೋಲಿನಿಂದ ನೆಲ ಕುಟ್ಟಿ ನಕ್ಕರು. "ಎದುರು ತಂಡಕ್ಕೆ ನಾವು ಹೆದರುತ್ತಿರಲಿಲ್ಲ. ಆ ಸಾಲಿನ ಬಾಯಿಗೆ ಹೆದರುತ್ತಿದ್ದೆವು."

ನನ್ನ ನಾಲಿಗೆಯ ತುದಿಯಲ್ಲಿ "ಹಾಕ್ಲಾ" ಬಂದು ನಿಂತಿತು. ಆದರೆ ಪದವನ್ನು ನಾನೇ ಕೊಟ್ಟರೆ ಈ ಸಜ್ಜನರು ನನ್ನ ಮುಖ ನೋಡಿ ಹೌದು ಎಂದುಬಿಡುತ್ತಾರೆ. ಉತ್ತರವನ್ನು ಒಳಗಿಟ್ಟು ಪ್ರಶ್ನೆ ಕೇಳುವ ಮಕ್ಕಳಿಗೆ ಬೆಳಗಿನಿಂದ ಅಂಕ ಕಳೆದವಳೇ ನಾನು. ತಾತನಿಗೆ ಅಂಥ ಬಿಟ್ಟಿ ಸಾಕ್ಷಿ ಬೇಡ. ಎಷ್ಟೋ ವಾದ ಗೆದ್ದಿದ್ದೇನೆ. ಸೋಲಬೇಕೆಂಬ ಆಸೆಯಿಂದ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ಬಗ್ಗಿ, ಯಂತ್ರವಿದ್ದ ಕಿವಿಯ ಹತ್ತಿರ, ಬಿಡಿಸಿ ಬಿಡಿಸಿ ಕೇಳಿದೆ:

"ಸರ್, ಆ ಸಾಲಿನವರು ನಿಮಗೆ ಏನಂತ ಕೂಗುತ್ತಿದ್ದರು?"